ಡಾಂಬರಿಗೂ ಬೆಟ್ಟಕ್ಕೂ ಒಂದೇ ಜೊತೆ: ಓಡುವ ಹೆಣ್ಣುಮಕ್ಕಳು ಶೂ ಆರಿಸುವಾಗ

ಬೆಂಗಳೂರಿನ ನಮ್ಮ ಓಟದ ಗುಂಪಿನ ಹೆಚ್ಚಿನ ಹೆಂಗಸರ ವಾರ ಹೀಗಿರುತ್ತದೆ: ಮಂಗಳವಾರ, ಗುರುವಾರ ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವ ಮುಂಚೆ ಬಡಾವಣೆಯ ಡಾಂಬರು ರಸ್ತೆಯಲ್ಲಿ ಐದಾರು ಕಿಲೋಮೀಟರ್, ಭಾನುವಾರ ತುರಹಳ್ಳಿ ಕಾಡೋ, ಸ್ಕಂದಗಿರಿಯೋ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದ ಮಣ್ಣು ದಾರಿಯೋ. ಅಂಗಡಿಗೆ ಹೋದರೆ ಒಂದು ಗೋಡೆಗೆ ‘ರೋಡ್’ ಎಂಬ ಬೋರ್ಡು, ಎದುರಿನ ಗೋಡೆಗೆ ‘ಟ್ರೇಲ್’ ಎಂಬ ಬೋರ್ಡು. ಒಳ್ಳೆಯ ಶೂ ಒಂದೊಂದೇ ಹತ್ತು ಸಾವಿರದ ಆಸುಪಾಸು ಇರುವಾಗ ಎರಡೂ ಗೋಡೆಯಿಂದ ಒಂದೊಂದು ಜೊತೆ ಇಳಿಸಿಕೊಂಡು ಬರುವುದು ಎಲ್ಲರ ಕೈಲಿ ಆಗುವ ಮಾತಲ್ಲ. ಹಾಗಾಗಿ ಗುಂಪಿಗೆ ಹೊಸದಾಗಿ ಸೇರಿದವರ ಮೊದಲ ಪ್ರಶ್ನೆ ಇದೇ: “ಅಕ್ಕ, ಎರಡಕ್ಕೂ ಆಗೋ ಹಾಗೆ ಒಂದು ಶೂ ಹೇಳಿ.”

ಹೊಸಬರ ಜೊತೆ ಅಂಗಡಿಗೆ ಹೋಗಿ ಶೂ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂದು ವರ್ಷಗಳೇ ಆದವು. ಅವರೆಲ್ಲ ಕೇಳುವುದು ಕಂಪನಿಯ ಹೆಸರನ್ನು. ನಾನು ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ನೆಲ, ಆಮೇಲೆ ಪಾದ, ಅದಾದ ಮೇಲೆ ಶೂ. ಈ ಸಾಲು ತಪ್ಪದಂತೆ ಹೋದರೆ ಹೆಚ್ಚಿನವರಿಗೆ ಒಂದೇ ಜೊತೆ ಸಾಕು. ಯಾರಿಗೆ ಸಾಲದು ಎಂಬುದೂ ಆಗ ತಾನಾಗಿ ತಿಳಿಯುತ್ತದೆ.

1. ಶೂ ನೋಡುವ ಮುಂಚೆ ನೆಲ ನೋಡಿ

ಒಂದು ತಿಂಗಳು ಎಲ್ಲೆಲ್ಲಿ ಓಡಿದಿರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಡಾಂಬರು ಎಷ್ಟು, ಮಣ್ಣು ಎಷ್ಟು, ಕಲ್ಲು ಎಷ್ಟು? ‘ಟ್ರೇಲ್’ ಎಂಬ ಒಂದೇ ಹೆಸರಿನಡಿ ನಮ್ಮ ನಾಡಿನಲ್ಲಿ ನಾಲ್ಕಾರು ಬಗೆಯ ನೆಲ ಇದೆ. ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುವ ಶ್ರೀರಂಗಪಟ್ಟಣದ ಕಡೆಯ ನಾಲೆ ಏರಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆ ಇವೆಲ್ಲ ತುಳಿದು ತುಳಿದು ಗಟ್ಟಿಯಾದ ಮಣ್ಣು. ಒಣ ದಿನಗಳಲ್ಲಿ ರಸ್ತೆಯ ಶೂನಲ್ಲೇ ಆರಾಮಾಗಿ ಓಡಬಹುದು. ಸ್ಕಂದಗಿರಿ, ಸಾವನದುರ್ಗದ ಮಾತೇ ಬೇರೆ: ಬೋಳು ಬಂಡೆ, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ಹರಳು ಮರಳು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಕೊಳೆತ ಎಲೆ, ಬೇರು, ಕೆಸರು. ಧಾರವಾಡದಿಂದಾಚೆ ಎರೆಮಣ್ಣಿನ ಹೊಲದ ದಾರಿ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಒಂದು ಹದ ಮಳೆ ಬಿದ್ದರೆ ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿ ಶೂವೇ ಎತ್ತಲಾಗದು.

ಲೆಕ್ಕ ಕೈಗೆ ಬಂದ ಮೇಲೆ ನಿರ್ಧಾರ ಸುಲಭ. ಡಾಂಬರು ಮತ್ತು ಗಟ್ಟಿ ಮಣ್ಣು ಸೇರಿ ಮುಕ್ಕಾಲು ಪಾಲು ಇದ್ದರೆ ಎರಡಕ್ಕೂ ಸಲ್ಲುವ ಮಧ್ಯದ ಶೂ ನಿಮಗೆ ತಕ್ಕದ್ದು. ಅರ್ಧಕ್ಕಿಂತ ಹೆಚ್ಚು ಕಡಿದಾದ ಬಂಡೆ, ಸಡಿಲ ಕಲ್ಲು ಇದ್ದರೆ ಟ್ರೇಲ್ ಶೂವೇ ಬೇಕು. ಮಳೆಗಾಲದ ಮಲೆನಾಡಿನಲ್ಲಿ ವಾರವಾರವೂ ಓಡುವವರಿಗೆ ಒಂದೇ ಜೊತೆಯ ಆಸೆ ಬೇಡ.

2. ಶೂ ತಿರುಗಿಸಿ ಅಡಿಯ ಹಲ್ಲು ಅಳೆಯಿರಿ

ಬಣ್ಣ ನೋಡುವ ಮೊದಲು ಶೂ ಬೋರಲು ಹಾಕಿ ನೋಡಿ. ರಸ್ತೆಯ ಶೂವಿನ ಸೋಲ್ ಹೆಚ್ಚುಕಡಿಮೆ ಸಪಾಟು, ನಡುವೆ ಗೀರುಗಳಷ್ಟೇ. ಟ್ರೇಲ್ ಶೂವಿಗೆ ರಬ್ಬರಿನ ಹಲ್ಲುಗಳಿರುತ್ತವೆ. ಬೆಟ್ಟದ ಶೂಗಳಲ್ಲಿ ಅವು ಸಾಮಾನ್ಯವಾಗಿ 4ರಿಂದ 5 ಮಿ.ಮೀ. ಎತ್ತರ; ಕೆಸರಿಗೆಂದೇ ಮಾಡಿದವುಗಳಲ್ಲಿ 6 ಮಿ.ಮೀ. ದಾಟುತ್ತವೆ. ಎರಡಕ್ಕೂ ಆಗುವ ಶೂವಿನ ಹಲ್ಲು 2ರಿಂದ 4 ಮಿ.ಮೀ. ಒಳಗೆ ಇರಬೇಕು. ನೈಕಿಯ ಪೆಗಾಸಸ್ ಟ್ರೇಲ್, ಹೋಕಾದ ಚಾಲೆಂಜರ್ ಈ ನಡುವಿನ ಗುಂಪಿನವು. ಹೋಕಾದ್ದೇ ಸ್ಪೀಡ್‌ಗೋಟ್, ಸಾಲೊಮನ್‌ನ ಸ್ಪೀಡ್‌ಕ್ರಾಸ್ ಬೆಟ್ಟದ ಗುಂಪಿನವು.

ಹಲ್ಲು ಎತ್ತರ ಇದ್ದಷ್ಟೂ ಹಿಡಿತ ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಮಣ್ಣಿನೊಳಗೆ ಹಲ್ಲು ಇಳಿಯುವ ಜಾಗದಲ್ಲಿ ಮಾತ್ರ ಅದು ನಿಜ. ಡಾಂಬರು, ಬಂಡೆ, ಮೆಟ್ಟಿಲುಗಳ ಮೇಲೆ ಹಲ್ಲಿನ ತುದಿಯಷ್ಟೇ ನೆಲ ಮುಟ್ಟುತ್ತದೆ. ಹಿಡಿತ ಕಡಿಮೆಯಾಗುತ್ತದೆ, ಅಂಗಾಲಿಗೆ ಗುಂಡು ಗುಂಡಾಗಿ ಒತ್ತುತ್ತದೆ, ರಬ್ಬರೂ ಬೇಗ ಸವೆಯುತ್ತದೆ. ವಾರದಲ್ಲಿ ಎರಡು ದಿನ ಡಾಂಬರಿನ ಮೇಲೆ ಓಡುವವರ ಸ್ಪೀಡ್‌ಕ್ರಾಸ್ ತರಹದ ಶೂ ಬೆಟ್ಟದ ದಿನಕ್ಕೆ ಬೋಳಾಗಿರುತ್ತದೆ. ಮಧ್ಯದ ಶೂವಿನಲ್ಲಿ ಹಲ್ಲುಗಳು ಅಗಲವಾಗಿ, ನಡುಭಾಗದಲ್ಲಿ ಒತ್ತೊತ್ತಾಗಿ ಇದ್ದರೆ ರಸ್ತೆಯಲ್ಲೂ ಓಟ ಸಲೀಸು.

3. ಹಲ್ಲಿಗಿಂತ ರಬ್ಬರು ಮುಖ್ಯ

ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡರು. ಆ ಸಂಗಡಿಗರ ಕಾಲಿನಲ್ಲಿದ್ದ ಪಾದರಕ್ಷೆ ಆ ಹವೆಗೆ ತಕ್ಕದ್ದಾಗಿರಲಿಲ್ಲ. ಆ ಸಂಕಟದಿಂದಲೇ 1937ರಲ್ಲಿ ಹಲ್ಲಿರುವ ರಬ್ಬರ್ ಸೋಲ್ ಬಂತು. ಇವತ್ತು ಹಲವು ಕಂಪನಿಗಳ ಶೂಗಳಡಿ ಹಳದಿ ಗುರುತಿನಲ್ಲಿ ಕಾಣುವ ‘ವಿಬ್ರಂ’ ಬ್ರಮಾನಿಯವರ ಹೆಸರಿನಿಂದಲೇ ಹುಟ್ಟಿದ್ದು.

ರಬ್ಬರಿನಲ್ಲಿ ಮೆದು, ಗಡಸು ಎಂಬ ಭೇದ ಇದೆ. ಮೆದು ರಬ್ಬರು ಒದ್ದೆ ಬಂಡೆಗೆ ಅಂಟಿಕೊಳ್ಳುತ್ತದೆ, ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಗಡಸು ರಬ್ಬರು ಬಾಳಿಕೆ ಬರುತ್ತದೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರುತ್ತದೆ. ಎರಡೂ ಪೂರ್ತಿ ಸಿಗುವ ಶೂ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ಉಗುರಿನಿಂದ ಹಲ್ಲನ್ನು ಒತ್ತಿ ನೋಡಿ. ನಾಲ್ಕು ಶೂ ಒತ್ತುವಷ್ಟರಲ್ಲಿ ಬೆರಳಿಗೆ ಭೇದ ತಿಳಿಯುತ್ತದೆ. ಇನ್ನೊಂದು ವಿಷಯ: ತೂಕ ಇಳಿಸಲು ಕೆಲವು ಶೂಗಳಲ್ಲಿ ರಬ್ಬರನ್ನು ಅಲ್ಲಲ್ಲಿ ಮಾತ್ರ ಅಂಟಿಸಿ ಉಳಿದ ಕಡೆ ಫೋಮನ್ನೇ ಬಿಟ್ಟಿರುತ್ತಾರೆ. ನಮ್ಮ ಬಂಡೆಗಳ ಹರಳಿಗೆ ಆ ಫೋಮು ಬಹಳ ಕಾಲ ತಡೆಯುವುದಿಲ್ಲ. ಹಿಮ್ಮಡಿ, ಮುಂಗಾಲು ಎರಡೂ ಕಡೆ ರಬ್ಬರು ಪೂರ್ತಿ ಇರುವುದನ್ನೇ ತೆಗೆದುಕೊಳ್ಳಿ.

4. ‘ವಿಮೆನ್ಸ್’ ಎಂಬ ಚೀಟಿಗೆ ಕಾಲು ಒಪ್ಪಿಸಬೇಡಿ

1966ರಲ್ಲಿ ಬೋಸ್ಟನ್ ಮ್ಯಾರಥಾನ್ ಪೂರ್ತಿ ಓಡಿದ ಮೊದಲ ಹೆಣ್ಣುಮಗಳು ಬಾಬಿ ಗಿಬ್. ಅವರ ಕಾಲಲ್ಲಿದ್ದದ್ದು ಹುಡುಗರ ಶೂ. ಹೆಂಗಸರಿಗೆಂದು ಓಟದ ಶೂವೇ ಆಗ ಸಿಗುತ್ತಿರಲಿಲ್ಲ. ಈಗ ಗೋಡೆ ತುಂಬ ಸಿಗುತ್ತದೆ. ಆದರೆ ಎಲ್ಲವೂ ಹೆಣ್ಣಿನ ಪಾದ ನೋಡಿ ಮಾಡಿದ್ದಲ್ಲ. ಗಂಡಸರ ಅಚ್ಚನ್ನೇ ಚಿಕ್ಕದು ಮಾಡಿ ಗುಲಾಬಿ ಬಣ್ಣ ಬಳಿದದ್ದೂ ಅದರಲ್ಲಿದೆ.

ಹೆಂಗಸರ ಪಾದದಲ್ಲಿ ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ ಕಿರಿದು. ಒಳ್ಳೆಯ ಮಹಿಳಾ ಶೂ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದು ಮುಂದೆ ಬೆರಳುಗಳಿಗೆ ಜಾಗ ಬಿಡುತ್ತದೆ. ಮಹಿಳಾ ಶೂಗಳಲ್ಲಿ ಸಾಧಾರಣ ಅಗಲಕ್ಕೆ ‘ಬಿ’ ಎಂದೂ ಹೆಚ್ಚಿನ ಅಗಲಕ್ಕೆ ‘ಡಿ’ ಎಂದೂ ಗುರುತು ಹಾಕುತ್ತಾರೆ. ಗಂಡಸರಲ್ಲಿ ಆ ‘ಡಿ’ಯೇ ಸಾಧಾರಣ ಅಗಲ. ಮನೆಯಲ್ಲಿ ಬರಿಗಾಲು, ಹೊರಗೆ ಚಪ್ಪಲಿ ಎಂದು ಬೆಳೆದ ನಮ್ಮ ಅನೇಕರ ಬೆರಳುಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಅಂಥವರಿಗೆ ‘ಬಿ’ ಅಗಲ ಇಕ್ಕಟ್ಟು. ಅಗಲದ ಮಹಿಳಾ ಶೂ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಗಂಡಸರ ಗೋಡೆಗೆ ಹೋಗಲು ಸಂಕೋಚ ಬೇಡ. ಅದು ಹಿಂದೆ ಸಡಿಲವಾಗಬಹುದು. ಅದಕ್ಕೆ ಲೇಸಿನ ಉಪಾಯ ಮುಂದೆ ಇದೆ.

5. ನಂಬರು ಕಂಪನಿಯದು, ಅಳತೆ ನಿಮ್ಮದು

ಬ್ಯಾಂಕ್ ಉದ್ಯೋಗಿಯೊಬ್ಬರ ಜೊತೆ ಅಂಗಡಿಗೆ ಹೋಗಿದ್ದೆ. ಐದನೇ ನಂಬರಿನ ಶೂ ಹಾಕಿಕೊಂಡು ಕೂತಲ್ಲೇ ಕಾಲು ಆಡಿಸಿ, “ಸರಿಯಾಗಿದೆ ಅಕ್ಕ, ಚಪ್ಪಲಿನೂ ಐದೇ” ಎಂದರು. ಅಂಗಡಿಯ ಹುಡುಗ ಹೆಬ್ಬೆರಳು ಒತ್ತಿ ನೋಡಿ, “ಕರೆಕ್ಟ್ ಫಿಟಿಂಗ್ ಮೇಡಂ, ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ” ಎಂದ. ಶೂ ಬಿಚ್ಚಿಸಿ, ಒಳಗಿನ ಇನ್‌ಸೋಲ್ ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿಸಿದೆ. ಎರಡನೇ ಬೆರಳು ಸರಿಯಾಗಿ ಅಂಚಿಗೆ ಬಂದು ಕೂತಿತ್ತು. ಕಿರುಬೆರಳು ಅರ್ಧ ಪಕ್ಕಕ್ಕೆ ಇಳಿದು ನೆಲದ ಮೇಲಿತ್ತು. ಆರನೇ ನಂಬರಿನ ಇನ್‌ಸೋಲಿನ ಮೇಲೆ ನಿಂತರೆ ಉದ್ದ ಸರಿಹೋಯಿತು, ಕಿರುಬೆರಳು ಮಾತ್ರ ಇನ್ನೂ ಹೊರಗೇ. ಅದೇ ಶೂವಿನ ಅಗಲದ ಜೊತೆ ತರಿಸಿದಾಗ ಅದೂ ಒಳಗೆ ಬಂತು. ಹುಡುಗ ಆಮೇಲೆ ಬಂದ ಗಿರಾಕಿಗೂ ಇನ್‌ಸೋಲ್ ತೆಗೆದು ತೋರಿಸುತ್ತಿದ್ದ.

ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂ.ಮೀ. ಖಾಲಿ ಇರಬೇಕು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಊದುತ್ತದೆ. ಆದ್ದರಿಂದ ಸಂಜೆಯೇ ಹೋಗಿ, ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಎರಡು ಪಾದ ಒಂದೇ ಅಳತೆ ಇರುವವರು ಕಡಿಮೆ. ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳಿ.

ನಂಬರಿನ ಗೊಂದಲವೂ ತಿಳಿದಿರಲಿ. ನಮ್ಮ ಅಂಗಡಿಗಳಲ್ಲಿ ಹೇಳುವುದು ಯುಕೆ ನಂಬರು. ಅದರಲ್ಲಿ ಒಂದು ನಂಬರಿಗೆ ಒಂದು ಅಂಗುಲದ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ವ್ಯತ್ಯಾಸ. ಯುಎಸ್ ನಂಬರಿನಲ್ಲಿ ಹೆಂಗಸರ 8 ಎಂದರೆ ಸಾಮಾನ್ಯವಾಗಿ ಗಂಡಸರ 6.5. ಯುಕೆ 5 ಎಂಬುದೇ ಒಂದು ಕಂಪನಿಯಲ್ಲಿ ಯುಎಸ್ 6.5, ಇನ್ನೊಂದರಲ್ಲಿ 7.5. ಆನ್‌ಲೈನ್‌ನಲ್ಲಿ ತರಿಸುವವರು ಶೂವಿನ ನಾಲಿಗೆಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಸೆಂ.ಮೀ. ಲೆಕ್ಕ ನೋಡಿ ಹೋಲಿಸುವುದು ಒಳ್ಳೆಯದು.

6. ಹೆರಿಗೆ ಆದ ಮೇಲೆ ಮತ್ತೆ ಅಳೆಯಿರಿ

ಮಗು ಸ್ವಲ್ಪ ದೊಡ್ಡದಾದ ಮೇಲೆ ಓಟಕ್ಕೆ ಮರಳುವವರು ಅಟ್ಟದಿಂದ ಹಳೆ ಶೂ ಇಳಿಸುತ್ತಾರೆ. ಕಾಲು ಹಿಡಿದರೆ “ದಪ್ಪ ಆಗಿದೀನಿ, ಅದಕ್ಕೇ” ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 49 ಗರ್ಭಿಣಿಯರ ಪಾದ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನವರ ಪಾದ ಉದ್ದವಾಗಿತ್ತು, ಪಾದದ ಕಮಾನು ತಗ್ಗಿತ್ತು. ಹೆರಿಗೆಯಾಗಿ ತಿಂಗಳುಗಳು ಕಳೆದ ಮೇಲೂ ಅದು ಹಿಂದಿನಂತಾಗಿರಲಿಲ್ಲ. ಮೈತೂಕ ಇಳಿದರೂ ಪಾದದ ಅಳತೆ ಹಾಗೇ ಉಳಿಯಬಹುದು. ಹಳೆ ನಂಬರನ್ನು ಮರೆತು, ಬಿಳಿ ಹಾಳೆಯ ಮೇಲೆ ನಿಂತು ಪೆನ್ಸಿಲಿನಲ್ಲಿ ಪಾದ ಬರೆದುಕೊಂಡು ಹೊಸದಾಗಿ ಶುರುಮಾಡಿ.

7. ಕಾಲುಂಗುರ, ಕಾಲುಚೈನು, ಕಾಲುಚೀಲ

ಇದನ್ನು ಯಾವ ಅಂಗಡಿಯವರೂ ಕೇಳುವುದಿಲ್ಲ. ಕಾಲುಂಗುರ ಹಾಕುವವರಿಗೆ ಬೆರಳ ಸಂದಿ ಮೊದಲೇ ಕಡಿಮೆ. ಕಿರಿದಾದ ಶೂನಲ್ಲಿ ಐದಾರು ಕಿಲೋಮೀಟರ್ ಓಡಿದರೆ ಪಕ್ಕದ ಬೆರಳು ಉಜ್ಜಿ ಬೊಬ್ಬೆ ಬರುತ್ತದೆ. ಬೆರಳು ಊದಿಕೊಂಡರೆ ಉಂಗುರ ತೆಗೆಯುವುದೇ ಕಷ್ಟ. ಓಟದ ಹೊತ್ತಿಗೆ ತೆಗೆದಿಡಲು ಒಪ್ಪುವವರು ತೆಗೆದಿಡಿ. ಒಪ್ಪದವರು ಸುತ್ತುಗಳಿಲ್ಲದ ತೆಳು ಉಂಗುರ ಹಾಕಿ, ಅದನ್ನು ಹಾಕಿಕೊಂಡೇ ಶೂ ಪರೀಕ್ಷಿಸಿ, ಬೆರಳುಗಳ ಜಾಗ ಅಗಲವಾಗಿರುವುದನ್ನು ಆರಿಸಿ. ಕಾಲುಚೈನು ಮಾತ್ರ ತೆಗೆಯಲೇಬೇಕು. ಶೂವಿನ ಕಂಠಕ್ಕೆ ಉಜ್ಜಿ ಗಾಯ ಮಾಡುತ್ತದೆ, ಕಾಡುದಾರಿಯಲ್ಲಿ ಮುಳ್ಳುಕಂಟಿಗೂ ಸಿಕ್ಕಿಕೊಳ್ಳುತ್ತದೆ.

ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಬೊಬ್ಬೆಗೆ ಅದೇ ದಾರಿ. ಓಟಕ್ಕೆಂದು ಮಾಡಿದ ಸಿಂಥೆಟಿಕ್ ಕಾಲುಚೀಲ ಹಾಕಿ. ಟ್ರೇಲ್ ದಿನ ಅದು ಹರಡಿನ ಮೇಲಕ್ಕೆ ಬರಲಿ. ಹರಳು ಒಳಗೆ ಬೀಳುವುದು ತಪ್ಪುತ್ತದೆ, ಮಲೆನಾಡಿನಲ್ಲಿ ಇಂಬಳಕ್ಕೂ ಸ್ವಲ್ಪ ಅಡ್ಡಿಯಾಗುತ್ತದೆ.

8. ಎತ್ತರದ ಫೋಮು ರಸ್ತೆಗೆ ಸುಖ, ಬೆಟ್ಟಕ್ಕೆ ಅಪಾಯ

ಈಗಿನ ಶೂಗಳು ವರ್ಷ ವರ್ಷ ಎತ್ತರ ಆಗುತ್ತಿವೆ. ರಸ್ತೆ ಸ್ಪರ್ಧೆಗಳ ಶೂಗಳಿಗೆ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ 40 ಮಿ.ಮೀ. ಎತ್ತರದ ಮಿತಿ ಹಾಕಬೇಕಾಯಿತು. ಸಮತಟ್ಟು ಡಾಂಬರಿನ ಮೇಲೆ ದಪ್ಪ ಫೋಮು ಮಂಡಿಗೆ ಹಿತವೆನಿಸಬಹುದು. ಕಲ್ಲು ಬೇರುಗಳ ದಾರಿಯಲ್ಲಿ ಪಾದ ನೆಲದಿಂದ ಎತ್ತರ ಇದ್ದಷ್ಟೂ ಹರಡು ಉಳುಕುವುದು ಸುಲಭ. ಎರಡಕ್ಕೂ ಬೇಕೆಂದರೆ ಮಧ್ಯಮ ಎತ್ತರದ, ಕೆಳಗೆ ಅಗಲವಾಗಿ ಹರಡಿದ ಸೋಲ್ ಆರಿಸಿ. ಅಂಗಡಿಯಲ್ಲೇ ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತು ನೋಡಿ. ಎಷ್ಟು ಓಲಾಡುತ್ತೀರಿ ಎಂಬುದರಲ್ಲೇ ಎರಡು ಶೂಗಳ ವ್ಯತ್ಯಾಸ ಗೊತ್ತಾಗುತ್ತದೆ.

ಇದರ ಜೊತೆಗೇ ‘ಡ್ರಾಪ್’ ಎಂದು ಬರೆದಿರುತ್ತಾರೆ: ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರ ಎಂಬ ಲೆಕ್ಕ. ರಸ್ತೆಯ ಶೂಗಳಲ್ಲಿ 8ರಿಂದ 10 ಮಿ.ಮೀ. ಸಾಮಾನ್ಯ, ಹೋಕಾದ ಬಹಳಷ್ಟು ಶೂಗಳಲ್ಲಿ 5ರ ಆಸುಪಾಸು, ಆಲ್ಟ್ರಾ ಕಂಪನಿ ಹೆಸರಾದದ್ದೇ ಸೊನ್ನೆ ಡ್ರಾಪಿಗೆ. 10ಕ್ಕೆ ಒಗ್ಗಿದ ಕಾಲನ್ನು ಒಮ್ಮೆಲೇ ಸೊನ್ನೆಗೆ ಇಳಿಸಿದರೆ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಎರಡೂ ಹಿಡಿದುಕೊಳ್ಳುತ್ತವೆ. ಹಳೆಯ ಶೂವಿನ ಡ್ರಾಪಿಗೆ ಹತ್ತಿರದ್ದೇ ಇರಲಿ. ಬದಲಿಸುವುದಾದರೆ ವಾರಗಟ್ಟಲೆ ಸಮಯ ಕೊಟ್ಟು ಬದಲಿಸಿ.

9. ಶೂವಿನ ಪರೀಕ್ಷೆ ಇಳಿಜಾರಿನಲ್ಲಿ

ಹತ್ತುವಾಗ ಎಲ್ಲ ಶೂವೂ ಒಳ್ಳೆಯದೇ. ಇಳಿಯುವಾಗ ಪಾದ ಮುಂದೆ ಜಾರಿ ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಮಾರನೆಯ ದಿನ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತದೆ. ಓಟದ ಹಿಂದಿನ ದಿನ ಉಗುರು ಕತ್ತರಿಸುವುದು ಒಂದು ಪರಿಹಾರ, ಲೇಸು ಇನ್ನೊಂದು. ಲೇಸಿನ ಸಾಲಿನ ಮೇಲ್ತುದಿಯಲ್ಲಿ, ಹರಡಿನ ಹತ್ತಿರ, ಯಾರೂ ಬಳಸದ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಅದು ಇದಕ್ಕೆಂದೇ ಇರುವುದು. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಉಳಿಸಿ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಈಗ ಬಲಗಡೆಯ ಲೇಸಿನ ತುದಿಯನ್ನು ಎಡಗಡೆಯ ಕುಣಿಕೆಯೊಳಗೆ, ಎಡಗಡೆಯದನ್ನು ಬಲಗಡೆಯ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ, ಬೆರಳಿನ ಕಡೆ ಬಿಗಿಯಾಗುವುದಿಲ್ಲ. ಗಂಡಸರ ಶೂ ಕೊಂಡ ಹೆಂಗಸರಿಗೆ ಹಿಂದಿನ ಸಡಿಲ ಸರಿಪಡಿಸುವ ಉಪಾಯವೂ ಇದೇ.

ಅಂಗಡಿಯಲ್ಲಿ ಇಳಿಜಾರು ಇರುವುದಿಲ್ಲ. ಮೆಟ್ಟಿಲಿದ್ದರೆ ಸರಸರನೆ ನಾಲ್ಕು ಸಲ ಇಳಿಯಿರಿ. ಇಲ್ಲವೇ ಶೂವಿನ ಮುಂತುದಿಯಿಂದ ನೆಲವನ್ನು ಮೆಲ್ಲಗೆ ಒದ್ದು ನೋಡಿ. ಬೆರಳು ತಾಗಿದರೆ ಆ ಶೂ ಬೇಡ.

10. ಮಳೆಗೆ ನೀರು ತಡೆಯುವ ಶೂ ಬೇಡ

ಗೋರ್‌ಟೆಕ್ಸ್ ಪದರದ ಶೂ ಮಂಜು ಬೀಳುವ ದೇಶಕ್ಕೆ ಚೆಂದ. ನಮ್ಮ ಮಳೆಯಲ್ಲಿ ನೀರು ಕಣಕಾಲಿನಿಂದ ಇಳಿದು ಮೇಲಿನಿಂದಲೇ ಒಳಗೆ ಸೇರುತ್ತದೆ, ಹೊರಗೆ ಹೋಗಲು ಜಾಗ ಇರುವುದಿಲ್ಲ. ಬೇಸಿಗೆಯಲ್ಲಿ ಅದೇ ಶೂ ಪಾದವನ್ನು ಬೇಯಿಸುತ್ತದೆ. ಜಾಲರಿ ಬಟ್ಟೆಯ ಶೂ ನೆನೆಯುತ್ತದೆ, ಹಾಗೆಯೇ ಹತ್ತು ಹೆಜ್ಜೆಯಲ್ಲಿ ನೀರು ಹೊರಗೆ ಚೆಲ್ಲುತ್ತದೆ. ಮನೆಗೆ ಬಂದ ಮೇಲೆ ಇನ್‌ಸೋಲ್ ತೆಗೆದು, ಮಣ್ಣು ತೊಳೆದು, ಹಳೆ ಪೇಪರ್ ಉಂಡೆ ಮಾಡಿ ಒಳಗೆ ತುರುಕಿ ಫ್ಯಾನಿನ ಕೆಳಗಿಡಿ. ಪೇಪರ್ ಒದ್ದೆಯಾದಂತೆ ಬದಲಿಸಿ. ಉರಿಬಿಸಿಲು, ವಾಷಿಂಗ್ ಮೆಷಿನ್ ಎರಡೂ ಅಂಟಿಗೆ, ಫೋಮಿಗೆ ಹಾನಿ.

11. ಕಾಲಿನ ‘ಟೈಪ್’ ಹೇಳುವವರನ್ನು ಅರ್ಧ ನಂಬಿ

ಚಪ್ಪಟೆ ಪಾದ, ಒಳಕ್ಕೆ ವಾಲುವ ಪಾದ ಎಂದೆಲ್ಲ ಹೇಳಿ ದುಬಾರಿ ಶೂ ತೋರಿಸುವುದು ಅಂಗಡಿಗಳಲ್ಲಿ ಮಾಮೂಲು. ಅಮೆರಿಕದ ಸೇನೆಯವರು ತರಬೇತಿಗೆ ಬಂದ ಸಾವಿರಾರು ಗಂಡಸರು, ಹೆಂಗಸರಿಗೆ ಪಾದದ ಕಮಾನು ನೋಡಿ ಶೂ ಹಂಚಿ ಪರೀಕ್ಷಿಸಿದ್ದಾರೆ. ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗೂ ಇವರಿಗೂ ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಿಚಾರ ಇನ್ನೂ ಸರಳ: ಓಡುವಾಗ ಯಾವುದು ಹಿತವೆನಿಸುತ್ತದೋ ಅದೇ ನಿಮ್ಮ ಶೂ. ನಾಲ್ಕು ಜೊತೆ ಹಾಕಿ ಓಡಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಹಳೆ ನೋವಿದ್ದವರು ಮಾತ್ರ ಅಂಗಡಿಯವರನ್ನು ಬಿಟ್ಟು ಫಿಸಿಯೋಥೆರಪಿಸ್ಟರನ್ನು ಕೇಳಿ.

12. ಎರಡನೇ ಜೊತೆ ಯಾವಾಗ?

ಸಾಮಾನ್ಯ ಓಟದ ಶೂ 500ರಿಂದ 800 ಕಿ.ಮೀ. ಬಾಳುತ್ತದೆ. ವಾರಕ್ಕೆ 20 ಕಿ.ಮೀ. ಓಡುವವರಿಗೆ ಆರು ತಿಂಗಳಿನಿಂದ ಒಂಬತ್ತು ತಿಂಗಳು. ಫೋಮು ಸತ್ತದ್ದು ಹೊರಗೆ ಕಾಣುವುದಿಲ್ಲ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಒಂದು ಬದಿಗೆ ವಾಲಿದ್ದರೆ, ಓಡಿದ ಮಾರನೆಯ ದಿನ ಕಾರಣವಿಲ್ಲದೆ ಮಂಡಿ ಹಿಡಿದರೆ, ಅದರ ಆಯಸ್ಸು ಮುಗಿದಂತೆ. ಅಂಥದ್ದನ್ನು ತರಕಾರಿ ತರಲು ಇಟ್ಟುಕೊಳ್ಳಿ, ಓಟಕ್ಕೆ ಬೇಡ.

ವಾರಕ್ಕೆ ನಾಲ್ಕು ದಿನ ಓಡತೊಡಗಿದರೆ ಎರಡನೇ ಜೊತೆಯ ಬಗ್ಗೆ ಯೋಚಿಸಿ. ಲಕ್ಸಂಬರ್ಗಿನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಶೂ ಬದಲಿಸಿ ಓಡಿದವರಿಗೆ ಒಂದೇ ಶೂ ಹಾಕಿದವರಿಗಿಂತ ಗಾಯದ ಸಾಧ್ಯತೆ 39% ಕಡಿಮೆ ಇತ್ತು. ಮೊದಲ ಜೊತೆ ಮಧ್ಯದ್ದಾಗಿದ್ದರೆ ಎರಡನೆಯದು ನಿಮ್ಮ ಕ್ಯಾಲೆಂಡರ್ ಹೇಳಿದಂತೆ: ಡಾಂಬರು ಹೆಚ್ಚಿದ್ದರೆ ರಸ್ತೆಯದು, ಬೆಟ್ಟ ಹೆಚ್ಚಿದ್ದರೆ ಟ್ರೇಲಿನದು.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಬಯಲುಸೀಮೆಯಲ್ಲಿ ಓಡುವ ಹೆಚ್ಚಿನ ಹೆಣ್ಣುಮಕ್ಕಳಿಗೆ 3 ಮಿ.ಮೀ. ಆಸುಪಾಸಿನ ಹಲ್ಲು, ಪೂರ್ತಿ ರಬ್ಬರು, ಜಾಲರಿ ಮೈ, ಬೆರಳಿಗೆ ಅಗಲ ಜಾಗ, ಬಿಗಿ ಹಿಮ್ಮಡಿ ಇರುವ ಒಂದು ಜೊತೆ ಸಾಕು. ಈ ಐದೂ ಇದ್ದರೆ ಕಂಪನಿ ಯಾವುದಾದರೂ ಸರಿ, ಕಳೆದ ವರ್ಷದ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ಬೆಲೆಗೆ ಸಿಕ್ಕಿತೆಂದು ಕಾಲು ಹಿಡಿಯುವ ಶೂ ಮಾತ್ರ ಮನೆಗೆ ತರಬೇಡಿ.